ಕಮಾಲಸಾಬರ ಏಳು ಸಾವಿರ ಹೆಜ್ಜೆ

ಆ ದಿನವೂ ಸಂಜೆ ಕಮಾಲಸಾಬರು ಅಡುಗೆಮನೆ ಬಾಗಿಲಲ್ಲಿ ಮುಂಗೈ ಚಾಚಿ ನಿಂತರು. ಮುಂಗೈಯಲ್ಲಿ ಮಗಳು ಸಲ್ಮಾ ಕೊಡಿಸಿದ ವಾಚು. ಹೆಜ್ಜೆ ಎಣಿಸುವ ವಾಚು.

“ಒಂಬತ್ತು ಸಾವಿರ. ಹಾಕು ಪರೋಟಾ.”

ಹೆಂಡತಿ ಜುಬೇದಾ ಬೀ ಹಾಕಿದಳು. ಕಾನೂನು ಆಕೆಯದೇ. ಏಳು ಸಾವಿರ ದಾಟಿದ ದಿನ ಎಣ್ಣೆ ಜಿನುಗುವ ಪರೋಟಾ, ದಾಟದ ದಿನ ಒಣರೊಟ್ಟಿ, ಪುಂಡಿಪಲ್ಯ. (ಆರು ತಿಂಗಳಿಂದ ಆ ಮನೆಯಲ್ಲಿ ಪುಂಡಿಪಲ್ಯ ಬೆಂದಿರಲಿಲ್ಲ.)

“ರಕ್ತನಾಳ ಬಿರುಸಾಗ್ಯಾವ ಅಂತ ಡಾಕ್ಟರು ಹೇಳಿದ್ದು ನೆನಪೈತಿಲ್ರಿ?”

“ಲೇ, ನಲವತ್ತು ವರ್ಷ ಬೋರಿಗೆ ಪೈಪು ಇಳಿಸೀನಿ. ಪೈಪಿನ ವಿಚಾರ ನನಗ ಹೇಳಬ್ಯಾಡ.”

“ಬೋರಿನ ಪೈಪು ಹೊಸದು ಸಿಗತೈತಿ. ನಿಮ್ಮದು ಯಾವ ಅಂಗಡ್ಯಾಗ ಸಿಗತೈತಿ?”

“ಅದಕ್ಕ ದಿನಾ ನಡ್ಯಾಕತ್ತೀನಲ್ಲ. ಇನ್ನೊಂದು ಹಾಕು.”

ಇನ್ನೊಂದು ಹಾಕಿದಳು.

ಮರುದಿನ ಬೆಳಗ್ಗೆ ಎಂದಿನಂತೆ ಆಡಿನ ಹಗ್ಗ ಹಿಡಿದು, ಕೆರೆ ಏರಿಯವರೆಗೆ ನಡೆದು ಬರ್ತೀನಿ ಎಂದು ಹೊರಟರು. ಎಂಟು ಗಂಟೆಗೆ ಚಹಾದಂಗಡಿಯ ಗುರುಶಾಂತ ಓಡಿಬಂದ. ಸಾಬರು ಅಂಗಡಿಯ ಬೆಂಚಿನ ಮೇಲೆ ಕೂತಲ್ಲೇ ಒರಗಿದ್ದರು. ಎದೆಬಡಿತ ನಿಂತಿತ್ತು. ಇಳಿಹೊತ್ತಿನ ಅಸರ್ ನಮಾಜಿನ ನಂತರ ಮಣ್ಣು ಮಾಡಿದರು. ನಡೆಯಲು ಹೋದ ಮನುಷ್ಯ ಬೆಂಚಿನ ಮೇಲೇಕಿದ್ದ ಎಂದು ಕೇಳುವಷ್ಟು ಜೀವ ಜುಬೇದಾ ಬೀಯಲ್ಲಿರಲಿಲ್ಲ.

ಉತ್ತರ ಹೊತ್ತು ಮುಳುಗುವಾಗ ತಾನೇ ನಡೆದುಬಂತು. ಓಣಿಯ ಆಡುಗಳನ್ನೆಲ್ಲ ಮೇಯಿಸುವ ಮಾಳಮ್ಮ ಇವರ ಆಡನ್ನೂ ಹೊಡೆದುಕೊಂಡು ಬಂದಳು. ಮನೆ ತುಂಬ ಅಳುವ ಹೆಂಗಸರು. ಅವರ ನಡುವೆ ಆಡು ನುಗ್ಗಿತು. ಅದರ ಕೊರಳಲ್ಲಿ ವಾಚು ಮಿಣಮಿಣ ಎನ್ನುತ್ತಿತ್ತು. ಒಂಬತ್ತು ಸಾವಿರದ ಇನ್ನೂರು.

ಜುಬೇದಾ ಬೀಯ ಅಳು ಅಲ್ಲೇ ನಿಂತಿತು.

“ಮಾಳಮ್ಮ, ಇದು ಯಾವಾಗಿಂದ?”

“ಆರು ತಿಂಗಳಾತವ್ವ. ಮುಂಜಾನಿ ಇದರ ಕೊಳ್ಳಿಗೆ ಕಟ್ಟಿ ನನ್ನ ಕೂಡ ಕಳಿಸ್ತಿದ್ದರು. ತಾವು ಚಾದಂಗಡ್ಯಾಗ ಕುಂದರ್ತಿದ್ದರು. ಸಂಜಿಮುಂದ ಬಂದು ಬಿಚ್ಕೊಂಡು ಹೋಗೋರು. ದರ್ಗಾದಾಗ ಓದಿಸಿದ ತಾಯತ ಅಂದಿದ್ದರು. ನಾನೂ ದಿನಾ ಮುಟ್ಟಿ ಕಣ್ಣಿಗೊತ್ಕಂತಿದ್ದೆ.”

ನಡೆದದ್ದು ಆಡು. ಪರೋಟಾ ತಿಂದದ್ದು ಅವರು. ಬಡಿಸಿದ್ದು ತಾನು.

ನಲವತ್ತೊಂದು ವರ್ಷದ ಸಂಸಾರದಲ್ಲಿ ಜಗಳಕ್ಕೆ ಇಷ್ಟು ದೊಡ್ಡ ಕಾರಣ ಸಿಕ್ಕಿರಲಿಲ್ಲ. ಸಿಕ್ಕ ದಿನ ಜಗಳಕ್ಕೆ ಮನುಷ್ಯ ಇಲ್ಲ. ಆಕೆ ಆಡನ್ನೇ ಬೈದಳು. ಹೆಂಗಸರು ಆಕೆಗೆ ನೀರು ಕುಡಿಸಿದರು.

ಗಂಡ ಸತ್ತವರು ಕೂರುವ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟದೆ ಕೂತಳು. ವಾಚು ಆಡಿನ ಕೊರಳಲ್ಲೇ ಇತ್ತು. ಬಿಚ್ಚಲು ಕೈ ಬರಲಿಲ್ಲ. ಆಮೇಲೆ ಸಲ್ಮಾ ಬಂದು ಕೂಡ್ಲಿಗಿಯ ಆಸ್ಪತ್ರೆಗೆ ಕರೆದೊಯ್ದಳು. ಅದೇ ಡಾಕ್ಟರು, ಅದೇ ಮಾತು. ಈಕೆಯ ರಕ್ತನಾಳಗಳೂ ಬಿರುಸಾಗಿವೆ, ನಡೆಯಬೇಕು. ಸಲ್ಮಾ ವಾಚು ಬಿಚ್ಚಿ, ತೊಳೆದು, ಚಾರ್ಜು ಮಾಡಿ ತಾಯಿಯ ಕೈಗೆ ಕಟ್ಟಿದಳು.

“ಅಮ್ಮಿ, ದಿನಾ ಏಳು ಸಾವಿರ. ಅಬ್ಬಾನಂಗ ಮಾಡಬ್ಯಾಡ.”

“ನಾನು ಅಂಥಾ ಕಳ್ಳಿ ಅಲ್ಲ.”

ಮರುದಿನ ಆಡು ಮನೆ ಬಿಟ್ಟು ಕದಲಲಿಲ್ಲ. ಮಾಳಮ್ಮ ಎಳೆದಳು, ನೂಕಿದಳು. ಅದು ಜುಬೇದಾ ಬೀಯ ಮುಂಗೈ ನೋಡಿ ಕೊರಳು ಚಾಚಿ ನಿಂತಿತು.

“ತಾಯತ ಇಲ್ದ ಹೊರಡಂಗಿಲ್ಲವ್ವ ಇದು.”

ಮೂರು ದಿನ ಆಕೆಯೂ ಹಟ ಹಿಡಿದಳು. ಆಡಿನದು ಆಕೆಗಿಂತ ಗಟ್ಟಿ ಹಟ. ಮನೆಯೊಳಗೆ ಕೂತೇ ಸೊಪ್ಪು, ಪುಂಡಿ, ಕೊನೆಗೆ ಪೊರಕೆಯನ್ನೂ ತಿಂದಿತು. ನಾಲ್ಕನೆಯ ದಿನ ಆಕೆ ವಾಚು ಬಿಚ್ಚಿದಳು.

ಈಗ ದಿನಾ ಬೆಳಗ್ಗೆ ಆಡಿನ ಕೊರಳಿಗೆ ವಾಚು ಕಟ್ಟುತ್ತಾಳೆ. ಹಗ್ಗ ಮಾಳಮ್ಮನಿಗೆ ಕೊಡುವುದಿಲ್ಲ. ತಾನೇ ಹಿಡಿದು, ಮೊಣಕಾಲು ಒತ್ತಿಕೊಳ್ಳುತ್ತ, ಕೆರೆ ಏರಿಯವರೆಗೆ ಅದರ ಹಿಂದೆ ನಡೆಯುತ್ತಾಳೆ. ಗುರುಶಾಂತನ ಅಂಗಡಿ ಮುಂದೆ ಆಡು ನಿಲ್ಲುತ್ತದೆ. ಆಕೆ ಬೆಂಚಿನ ಕಡೆ ತಿರುಗುವುದಿಲ್ಲ.

“ಕುಂದರ್ರಿ, ಕುಂದರ್ರಿ,” ಎಂದು ಇಲ್ಲದ ಗಂಡನನ್ನು ಬೈದು, ಹಗ್ಗ ಜಗ್ಗುತ್ತಾಳೆ.