ಜೆಮಿಮಾಳ ಹಲ್ಲುನೋವು

ಮುಟ್ಟಿನ ನೋವು ಎಂದು ಮಾಲೀಕ ರಶೀದ ಅಹ್ಮದರ ಎದುರು ಹೇಳುವುದು ಹೇಗೆಂದು ತಿಳಿಯದೆ, ಜೆಮಿಮಾ ಎಡಗೆನ್ನೆಗೆ ಕೈ ಹಚ್ಚಿಕೊಂಡು ನಿಂತಳು.

"ಹಲ್ಲು ಭಾಳ ನೋಯ್ಲಿಕತ್ತದ್ರಿ. ಮನಿಗಿ ಹೋಗ್ತೇನಿ."

ಭಾಲ್ಕಿಯ ಆ ಬೀಜದಂಗಡಿಯಲ್ಲಿ ಅವಳು ಕಂಪ್ಯೂಟರಿನ ಮುಂದೆ ಕೂರುವವಳು. ಕಿಬ್ಬೊಟ್ಟೆಯೊಳಗೆ ಯಾರೋ ಹಗ್ಗ ಹೊಸೆಯುತ್ತಿದ್ದಂತಿತ್ತು.

"ಮನಿಗಿ ಹೋದ್ರ ಹಲ್ಲು ನೆಟ್ಟಗಾಗ್ತದೇನು?" ಎಂದರು ರಶೀದರು. "ನಮ್ಮ ತಂಗಿ ಮಗಳು ಅತಿಯಾ ಹಲ್ಲಿನ ಡಾಕ್ಟರ ಅದಾಳ. ಶಾಲುಬಾಯಿ, ಕರಕೊಂಡು ಹೋಗ್ರಿ!"

ಬೀಜ ತೂಗುವ ಶಾಲುಬಾಯಿಗೆ ಬೇರೆಯವರ ಸಂಕಟವೆಂದರೆ ಮದುವೆಮನೆಯ ಕರೆ ಬಂದಂತೆ. ತಕ್ಕಡಿ ಬಿಟ್ಟು ಎದ್ದೇಬಿಟ್ಟಳು. ದಾರಿಯಲ್ಲಿ ಜೆಮಿಮಾಳ ಬಾಯಿಗೆ ಲವಂಗ ತುರುಕಿದಳು.

ಅತಿಯಾ ಕುರ್ಚಿಗೆ ಒರಗಿಸಿ ದೀಪ ಹಚ್ಚಿದಳು. "ಯಾವ ಹಲ್ಲು?"

ಜೆಮಿಮಾ ಬಲಗಡೆ ತೋರಿಸಿದಳು.

"ಆಗ ಎಡಗಲ್ಲ ಹಿಡಕೊಂಡಿದ್ದಿ!" ಎಂದಳು ಶಾಲುಬಾಯಿ.

"ನೋವು ತಿರಗಾಡ್ತದ್ರಿ."

"ಹಲ್ಲಿನಾಗೂ ವಾಯು ಇರ್ತದೇನ್ರಿ ಡಾಕ್ಟರ?" ಕೊಡ ಬಿದ್ದ ಬಾವಿಗೆ ಬಗ್ಗಿದವಳಂತೆ ಶಾಲುಬಾಯಿ ಜೆಮಿಮಾಳ ಬಾಯಿಯೊಳಗೆ ಇಣುಕಿದಳು. ಅತಿಯಾ ಅವಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿದಳು. ಜೆಮಿಮಾ ಪಿಸುಗುಟ್ಟಿ ಖರೇ ಹೇಳಿದಳು.

ಅತಿಯಾ ನಕ್ಕಳು. "ಹೊಟ್ಟಿ ನೋವಿಗಿ ಹಲ್ಲಿನ ಡಾಕ್ಟರ!"

"ಹೌದು, ಅದು ಯಾಕ ಅಷ್ಟು ನೋಯ್ತದ್ರಿ? ಅವ್ವನ್ನ ಕೇಳಿದ್ರ ಸುಮ್ನಿರು ಅಂತಾಳ."

"ಹಸಿ ಬಟ್ಟಿ ಹಿಂಡಿದಂಗ ಗರ್ಭಚೀಲ ತನ್ನನ್ನ ತಾನೇ ಹಿಂಡಕೋತದ. ಅದಕ್ಕ ನೋವು. ನಾವು ಹಲ್ಲಿಗಿ ಕೊಡೋ ನೋವಿನ ಗುಳಿಗಿ ಇದಕ್ಕೂ ನಡೀತದ. ಅಲ್ಸರು, ಅಸ್ತಮಾ ಏನೂ ಇಲ್ಲಲ್ಲ? ಏನರೆ ತಿಂದು ನುಂಗು. ಮುಂದಿನ ಸಲ ನೋವು ಏರೋತನಕ ಕಾಯಬ್ಯಾಡ. ಬಿಸಿನೀರ ಚೀಲ ಇಟ್ಟಕೋ. ಪ್ರತಿ ತಿಂಗಳ ಹಿಂಗ ಏಳಲಾರದಂಗ ಆದ್ರ ಹೆಣ್ಮಕ್ಕಳ ಡಾಕ್ಟರಿಗಿ ತೋರ್ಸು."

ಜೆಮಿಮಾ ಪಾರ್ಲೆ ಬಿಸ್ಕಿಟ್ ತಿಂದು ಗುಳಿಗೆ ನುಂಗಿದಳು. ಹೊಟ್ಟೆಯೊಳಗಿನ ಹಗ್ಗ ನಿಧಾನಕ್ಕೆ ಸಡಿಲಾಯಿತು. ಏಳಹೋದಳು.

"ಕೂಡು," ಎಂದಳು ಅತಿಯಾ. "ಹೊಟ್ಟಿದು ಹೋತು. ಆದ್ರ ಹಿಂದಿನ ದವಡಿ ಹಲ್ಲಿನಾಗ ಖರೇನೇ ತೂತು ಅದ."

ಮಶೀನು ಗುಂಯ್‌ಗುಟ್ಟಿತು.

ಮರುದಿನ ಹೊಟ್ಟೆ ತಣ್ಣಗಿತ್ತು, ಕೆನ್ನೆ ಮಾತ್ರ ಬೇಕರಿಯ ಬನ್ನಿನಂತೆ ಉಬ್ಬಿತ್ತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಜೆಮಿಮಾ ರಶೀದರ ಮುಂದೆ ನಿಂತಳು.

"ಮನಿಗಿ ಹೋಗ್ತೇನ್ರಿ..."

"ಮತ್ತ ಹಲ್ಲು ಅನಬ್ಯಾಡ. ಹಲ್ಲಿಂದು ನಿನ್ನೆ ಆತು!"

ಬೇರೆ ದಾರಿ ಕಾಣಲಿಲ್ಲ. "ಹಲ್ಲಲ್ರಿ. ಮುಟ್ಟಿನ... ಹೊಟ್ಟಿ ನೋವ್ರಿ."

ರಶೀದರ ಮುಖ ಬೆಣ್ಣೆಯಾಯಿತು. "ಅರೇ ಬೇಟಿ, ನಾಚೂದ್ಯಾಕ? ನನಗೂ ಹೆಣ್ಮಕ್ಕಳ ಅದಾವ. ನಿನ್ನೆ ಇದನ್ನೇ ಅಂದಿದ್ರ ಆಗಿಂದಾಗ ಸೂಟಿ ಕೊಡ್ತಿದ್ದೆ. ಆದ್ರ ಸುಮ್ನ ಮಲಗಿದ್ರ ಆಗಂಗಿಲ್ಲ. ಶಾಲುಬಾಯಿ!"

ಶಾಲುಬಾಯಿ ಆಗಲೇ ಚಪ್ಪಲಿ ಮೆಟ್ಟಿಯಾಗಿತ್ತು.

ಹೆಣ್ಣುಮಕ್ಕಳ ಡಾಕ್ಟರು ಜೆಮಿಮಾಳನ್ನು ಮಂಚದ ಮೇಲೆ ಮಲಗಿಸಿ ಕೇಳಿದರು, "ಎಲ್ಲಿ ನೋವಮ್ಮಾ?"

ಜೆಮಿಮಾಳ ಕೈ ತಾನಾಗಿಯೇ ಕೆನ್ನೆಗೆ ಹೋಯಿತು.

ಶಾಲುಬಾಯಿ ಆ ಕೈಯನ್ನು ಹಿಡಿದು ಕಿಬ್ಬೊಟ್ಟೆಯ ಮೇಲೆ ತಂದಿಟ್ಟಳು. "ಇಲ್ಲಿರಿ ಡಾಕ್ಟರ. ಹುಡುಗಿ ಭಾಳ ನಾಚ್ತಾಳ."