ಯಜಮಾನರ ಹೊಸ ಇಂಜಿನ್

ಪುತ್ತೂರಿನ ನಮ್ಮ ಮನೆಗೆ ಹೊಸ ಟೂರಿಂಗ್ ಬೈಕು ಬಂದಂದಿನಿಂದ ವಾರಕ್ಕೊಂದಾದರೂ ತಮಾಷೆ ಆಗುತ್ತಲೇ ಇದೆ. ನಾನು ವಿಜ್ಞಾನದಲ್ಲಿ ಪದವಿ ಮಾಡಿದವಳು. ಹೋದ ಊರು, ಓಡಿದ ಕಿಲೋಮೀಟರು ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ಮೊದಲ ಪುಟದಲ್ಲೇ ಯಜಮಾನರ ಮಾತು ಬರೆದು ಸಹಿ ಹಾಕಿಸಿದ್ದೇನೆ: "ಇದು ಹೊಸ ಕಾಲದ ಇಂಜಿನ್. ದಾರಿಯಲ್ಲಿ ಒಂದೇ ಒಂದು ಸಲ ಕೈಕೊಟ್ಟರೂ ಮಾರಿಬಿಡುತ್ತೇನೆ." ಅರುವತ್ತೆರಡರಲ್ಲಿ ಕೈಗೂಡಿದ ಆಸೆ ಅದು. ಮಾರಬೇಕಾಗಿ ಬಂದರೆ ಇವರು ಊಟ ಬಿಟ್ಟಾರು.

೧. ಬೆಕ್ಕಿನ ಹೆಜ್ಜೆ

ಹಳೆಯ ಬೈಕು ತಿರುವಿನಲ್ಲಿರುವಾಗಲೇ ಅದರ ಗುಡುಗುಡು ಕೇಳಿ ನಾನು ಚಹಾಕ್ಕೆ ನೀರಿಡುತ್ತಿದ್ದೆ. ಹೊಸತು ಬೆಕ್ಕಿನ ಹಾಗೆ ಬರುತ್ತದೆ. ಒಂದು ಸಂಜೆ ಫೋನಿನಲ್ಲಿ ತಂಗಿಗೆ ಹೇಳುತ್ತಿದ್ದೆ:

"ನಿನ್ನ ಭಾವನಿಗೆ ಹೆಲ್ಮೆಟ್ ಹಾಕಿಕೊಂಡು ಕನ್ನಡಿ ನೋಡುವ ಮರುಳು ಮಾರಾಯ್ತಿ. ಕೂತರೆ ಹೊಟ್ಟೆ ಟ್ಯಾಂಕಿಗೆ ತಾಗ್ತದೆ!"

ಬೆನ್ನ ಹಿಂದಿನಿಂದ ಸ್ವರ ಬಂತು: "ತಾಗುದಿಲ್ಲ. ಸ್ವಲ್ಪ ಜಾಗ ಉಂಟು."

೨. ಮಂಡೆಕೋಲಿನ ಸತ್ಕಾರ

ಮಂಡೆಕೋಲಿನಲ್ಲಿ ನನ್ನ ಅಣ್ಣನ ಮನೆ. ಅಂಗಳದಲ್ಲಿ ಇವರು ಕೀ ತೆಗೆದರೂ ಬೈಕಿನೊಳಗಿಂದ ಗುಂಯ್ ಎಂಬ ಸದ್ದು ನಿಲ್ಲಲಿಲ್ಲ.

"ಭಾವ, ಇದು ಬಂದ್ ಆಗ್ಲಿಲ್ಲ!" ಅಣ್ಣನಿಗೆ ಗಾಬರಿ.

"ಇಂಜಿನ್ ಬಂದ್ ಆಗಿದೆ. ಅದನ್ನು ತಣಿಸುವ ನೀರು ಬಿಸಿಯಾಗಿದೆ, ಫ್ಯಾನು ಆರಿಸ್ತಾ ಉಂಟು," ಎಂದು ನಾನು ವಿವರಿಸಿದೆ.

ಅಷ್ಟರಲ್ಲಿ ಅತ್ತಿಗೆ ಬೆಲ್ಲ, ನೀರು ತಂದರು. ಅಣ್ಣ ಎರಡನ್ನೂ ಹಿಡಿದು ನೇರ ಬೈಕಿನ ಎದುರು ಹೋಗಿ ನಿಂತ.

"ನಿಮಗಿಂತ ಬಾಯಾರಿಕೆ ಇದಕ್ಕೇ ಹೆಚ್ಚು. ಬಾಯಿ ಎಲ್ಲಿ ಉಂಟು ಭಾವ?"

೩. ಸಂಪಾಜೆಯಲ್ಲಿ

ಮಡಿಕೇರಿಗೆ ಹೊರಟವರು ಸಂಪಾಜೆಯಲ್ಲಿ ಚಹಾ ಕುಡಿದೆವು. ಮತ್ತೆ ಬೈಕು ಹತ್ತಿ ಇವರು ಸ್ಟಾರ್ಟ್ ಮಾಡಿದರು, ಗೇರು ಹಾಕಿದರು. ಇಂಜಿನ್ ನಿಂತಿತು. ಎರಡನೇ ಸಲವೂ ಹಾಗೆಯೇ. ಮೂರನೇ ಸಲಕ್ಕೆ ಇವರ ಮುಖ ಬಾಡಿತು. ಸಹಿ ಹಾಕಿದ ಮಾತು ಇಬ್ಬರಿಗೂ ನೆನಪಿತ್ತು.

"ಆಯ್ತು, ಮಾರುವ," ಎಂದರು ಇವರು, ಟ್ಯಾಂಕನ್ನು ಸವರುತ್ತಾ.

ಚಹಾದಂಗಡಿಯ ಹೆಂಗಸು ಗ್ಲಾಸು ತೊಳೆಯುತ್ತಲೇ ಕೂಗಿದಳು: "ಅಣ್ಣಾ, ಸ್ಟ್ಯಾಂಡ್ ಕೆಳಗೆ ಉಂಟಲ್ಲ! ಅದನ್ನು ಮೇಲೆ ಮಾಡದೆ ಈಗಿನ ಬೈಕು ಹೋಗುದಿಲ್ಲ."

ಸ್ಟ್ಯಾಂಡ್ ಮೇಲೆ ಹೋಯಿತು. ಗೇರು ಹಾಕಿದರೂ ಇಂಜಿನ್ ನಿಲ್ಲದೆ ಓಡಿತು. ಇವರು ಎದೆಯುಬ್ಬಿಸಿದರು.

"ನೋಡು, ಕೈಕೊಟ್ಟದ್ದು ಬೈಕಲ್ಲ, ನಾನು!"

"ಹಾಗಾದರೆ ಮಾತಿನ ಪ್ರಕಾರ ನಿಮ್ಮನ್ನೇ ಮಾರಬೇಕು."

ಆ ಹೆಂಗಸು ಇವರನ್ನು ಮೇಲಿಂದ ಕೆಳಗೆ ನೋಡಿ ತಲೆಯಾಡಿಸಿದಳು.

"ಬರೇ ಇವರನ್ನು ಯಾರೂ ತೆಗೊಳ್ಳುದಿಲ್ಲ ಅಕ್ಕಾ. ಬೈಕನ್ನೂ ಸೇರಿಸಿ ಕೊಡುದಾದರೆ ನಾನೇ ನೋಡುವ."