ಹಿರಿಯೂರಿನ ಟೀಮು, ಹೊಸದುರ್ಗದ ಮೊದಲ ಎಲೆ

ಆಟ ಅಂದಮೇಲೆ ಸೋಲು ಗೆಲುವು ಎರಡೂ ಇರುತ್ತೆ ಅಂತಾರೆ. ನಮ್ಮ ಹಿರಿಯೂರು ಕಬಡ್ಡಿ ಟೀಮಿಗೆ ಅದರಲ್ಲಿ ಅರ್ಧ ಮಾತ್ರ ಗೊತ್ತು. ಆ ಅರ್ಧವನ್ನೇ ಪ್ರತಿ ಸಲ ಹೊಸ ರೀತಿಯಲ್ಲಿ ಮಾಡಿ ತೋರಿಸ್ತಾರೆ. ಹಾಗಾಗಿ ಅವರ ಹಿಂದೆ ತಿರುಗುವ ನನಗೆ ಹೇಳಿಕೊಳ್ಳೋಕೆ ಪ್ರಸಂಗಗಳ ಕೊರತೆ ಯಾವತ್ತೂ ಆಗಿಲ್ಲ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಲಾರಿ ಕ್ಲೀನರ್ ಆದೆ, ಹೋಟೆಲಲ್ಲಿ ಲೋಟ ತೊಳೆದೆ, ಹೈವೇ ಪಕ್ಕ ಪಂಕ್ಚರ್ ಹಾಕಿದೆ, ಈಗ ಲಗೇಜ್ ಆಟೋ ಓಡಿಸ್ತೀನಿ. ಒಂದು ಕಡೆ ಕೂತರೆ ಕಾಲು ಜೋಮು ಹಿಡಿಯುತ್ತೆ. ಹಿಡಿದು ಬಿಡದೇ ಇರೋದು ಎರಡೇ: ಒಂದು ಹೆಂಡತಿ, ಇನ್ನೊಂದು ಈ ಟೀಮು. ಎರಡೂ ನನ್ನ ಮಾತು ಕೇಳೋದಿಲ್ಲ.

ಎಲೆ ಜಾರಿದ್ದು

ಹೆಂಡತಿಯ ತವರು ಹೊಸದುರ್ಗ. ಅಳಿಯ ಬಂದ ಅಂದರೆ ಪಂಕ್ತಿಯಲ್ಲಿ ಮೊದಲ ಎಲೆ ಅಳಿಯನಿಗೆ. ಇದು ಅವರ ಮನೆಯಲ್ಲಿ ಅಜ್ಜನ ಕಾಲದಿಂದ ಬಂದ ಪದ್ಧತಿ. ಮದುವೆಯಾದ ಹೊಸದರಲ್ಲಿ ನನಗೂ ಆ ಮರ್ಯಾದೆ ಸಿಕ್ಕಿತ್ತು.

ಅದೇ ವರ್ಷ ಹಿರಿಯೂರಿಗೂ ಹೊಸದುರ್ಗಕ್ಕೂ ಮ್ಯಾಚಾಯ್ತು. ನಮ್ಮವರು ಎಷ್ಟು ಚೆನ್ನಾಗಿ ಸೋತರು ಅಂದರೆ, ಗೆದ್ದವರೇ ಬಂದು ಬೆನ್ನು ತಟ್ಟಿ ಸಮಾಧಾನ ಮಾಡಿದರು. ಮುಂದಿನ ಹಬ್ಬಕ್ಕೆ ಮಾವನ ಮನೆಗೆ ಹೋದೆ. ಮೊದಲ ಎಲೆ ಮುಂದೆ ಕೂರೋಕೆ ಹೊರಟರೆ ನನ್ನ ಭಾವ, ಅಂದರೆ ಹೆಂಡತಿಯ ಅಣ್ಣ, ಆಗಲೇ ಅಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಹೊಸದುರ್ಗದ ಟೀಮ್ ಅಂದರೆ ಭಾವನಿಗೆ ಪ್ರಾಣ.

"ಈ ಎಲೆ ಗೆದ್ದ ಊರಿಂದು. ನೀವು ಗೆದ್ದು ಬರ್ರಿ, ಎದ್ದು ಬಿಟ್ಟುಕೊಡ್ತೀನಿ. ಅಲ್ಲಿವರೆಗೂ ಆ ಕಡೆ ಕುಂತ್ಕಳ್ರಿ," ಅಂದರು.

ಆ ಕಡೆ ಅಂದರೆ ಕೈ ತೊಳೆಯುವ ನಲ್ಲಿ ಪಕ್ಕ. ಪಾಯಸ ಮೊದಲ ಎಲೆಯಿಂದ ಹೊರಟು ನನ್ನ ಹತ್ತಿರ ಬರುವ ಹೊತ್ತಿಗೆ ಗೋಡಂಬಿ ಇರಲಿ, ಶಾವಿಗೆಯೂ ಮುಗಿದು ಹಾಲು ಮಾತ್ರ ಉಳಿದಿತ್ತು.

"ಅಣ್ಣ ತಮಾಷೆಗೆ ಅಂದಾನೆ, ಎಲ್ಲಿ ಕುಂತು ಉಂಡ್ರೂ ಹೊಟ್ಟೆಗೇ ಹೋಗೋದು," ಅಂದಳು ಹೆಂಡತಿ.

ತಮಾಷೆ ವರ್ಷಗಟ್ಟಲೆ ನಡೀತು. ಹಬ್ಬ ಬಂದರೆ ಎಲ್ಲರಿಗೂ ಹೋಳಿಗೆಯ ನೆನಪು, ನನಗೆ ನಲ್ಲಿಯ ನೆನಪು. ಹಿರಿಯೂರು ಗೆಲ್ಲಬೇಕು ಅನ್ನೋದು ಬೇರೆಯವರಿಗೆ ಊರಿನ ಅಭಿಮಾನ ಇರಬಹುದು, ನನಗೆ ಗೋಡಂಬಿಯ ಪ್ರಶ್ನೆ.

ಟೆಂಪೋ ಇದ್ದವನೇ ಕ್ಯಾಪ್ಟನ್

ನಮ್ಮ ಟೀಮಿನ ಅಧ್ಯಕ್ಷರು ಹಿರಿಯೂರಲ್ಲಿ ತೆಂಗಿನಕಾಯಿ ಮಂಡಿ ಇಟ್ಟವರು. ಎಲ್ಲರೂ ಯಜಮಾನ್ರು ಅಂತಾರೆ. ಟೀಮಿನ ಆಯ್ಕೆ ಅವರದೇ. ಯಾರ ಅಪ್ಪನ ಟೆಂಪೋದಲ್ಲಿ ಟೀಮು ಊರಿಂದ ಊರಿಗೆ ಹೋಗುತ್ತೋ ಆ ಹುಡುಗನನ್ನೇ ಕ್ಯಾಪ್ಟನ್ ಮಾಡಿದ್ದರು. ಹುಡುಗ ಎದುರಾಳಿ ಅಂಗಳಕ್ಕೆ ದಾಳಿಗೆ ಹೋದರೆ ವಾಪಸ್ ಬಂದ ಚರಿತ್ರೆ ಇಲ್ಲ.

"ಯಜಮಾನ್ರೆ, ಅವನ್ನ ಕೂರಿಸ್ರಿ," ಅಂತ ನಾನು ಗಂಟಲು ಹರಕೊಂಡೆ.

"ಕೂರಿಸಿದ್ರೆ ಟೆಂಪೋನೂ ಕುಂತ್ಕಂತೈತೆ. ಬಸ್ಸಾಗೆ ನಿಂತ್ಕಂಡು ಹೋಗಾಕೆ ನಿಂಗೆ ಆಗ್ತೈತಾ?"

"ನಿಂತ್ಕಂಡೇ ಹೋಗಾಣ, ಗೆದ್ದು ಬರಾಣ."

ಚಿತ್ರದುರ್ಗದ ಮ್ಯಾಚಲ್ಲಿ ಜನರ ಕೂಗು ತಡೆಯಲಾರದೆ ಕೊನೆಗೂ ಅವನನ್ನು ಹೊರಗೆ ಕೂರಿಸಿದರು. ನಂಬ್ತೀರೋ ಇಲ್ಲವೋ, ನಮ್ಮವರು ಮುಂದೆ ಬಂದರು. ನಾನು ಗೆರೆಯ ಉದ್ದಕ್ಕೂ ಅತ್ತಿಂದಿತ್ತ ಓಡಾಡ್ತಾ ಭಾವನಿಗೆ ಫೋನ್ ಮಾಡಿ, "ಎಲೆ ತೊಳೆದಿಡ್ರಿ" ಅಂದೂ ಬಿಟ್ಟೆ. ಅಷ್ಟರಲ್ಲಿ ಮೈದಾನದ ಆಚೆ ಟೆಂಪೋ ಸ್ಟಾರ್ಟ್ ಆದ ಸದ್ದು. ಸಿಟ್ಟಾದ ಕ್ಯಾಪ್ಟನ್ ಗಾಡಿ ತಿರುಗಿಸಿಕೊಂಡು ಹೊರಟಿದ್ದ. ಟೀಮಿನವರ ಪ್ಯಾಂಟು, ಚಪ್ಪಲಿ, ಮೊಬೈಲು ಎಲ್ಲಾ ಅದರೊಳಗೇ.

ಅಂಗಳದಲ್ಲಿದ್ದ ನಮ್ಮ ಹುಡುಗರು ಒಂದು ಕ್ಷಣ ಮುಖ ಮುಖ ನೋಡಿಕೊಂಡರು. ಆಮೇಲೆ "ಲೇ, ನನ್ನ ಫೋನು" ಅಂತ ಒಬ್ಬ ಓಡಿದ. ಅವನ ಹಿಂದೆ ಉಳಿದವರೂ ಓಡಿದರು. ಕಬಡ್ಡಿಯಲ್ಲಿ ಗೆರೆ ದಾಟಿದವನು ಔಟು. ರೆಫರಿ ಸೀಟಿ ಊದಿ ಇಡೀ ಟೀಮನ್ನು ಔಟ್ ಕೊಟ್ಟರು. ಎದುರಾಳಿಗಳು ಕೈಕಟ್ಟಿ ನಿಂತು ಗೆದ್ದರು.

ಚಡ್ಡಿಯಲ್ಲೇ ಹಿರಿಯೂರು ಬಸ್ಸು ಹತ್ತಿದೆವು. ಕಂಡಕ್ಟರು ಒಬ್ಬೊಬ್ಬರನ್ನೇ ಬರಿಗಾಲಿನಿಂದ ಮೇಲೆ ನೋಡಿದರು.

"ಏನ್ರಪ್ಪ ಇದು?"

"ಕಬಡ್ಡಿ ಮ್ಯಾಚ್ ಇತ್ತು ಸಾರ್."

"ಮ್ಯಾಚಾಗೆ ಪ್ಯಾಂಟೂ ಪಣಕ್ಕೆ ಇಡ್ತಾರೆ ಅಂತ ಗೊತ್ತಿರ್ಲಿಲ್ಲ ಬಿಡ್ರಿ," ಅಂದರು.

ಉಸ್ತಾದರ ಶಿಷ್ಯರು

ಇಷ್ಟಾದ ಮೇಲೆ ಟೀಮಿಗೊಬ್ಬ ಕೋಚ್ ಬೇಕು ಅಂತ ತೀರ್ಮಾನ ಆಯ್ತು. ಯಜಮಾನ್ರು ಚಿತ್ರದುರ್ಗದಿಂದ ಒಬ್ಬ ಉಸ್ತಾದರನ್ನು ಕರೆತಂದರು. ಎಪ್ಪತ್ತು ದಾಟಿದರೂ ಕತ್ತು ಹಲಸಿನ ಬೊಡ್ಡೆ ಇದ್ದಂಗೆ. ಒಂದೇ ಒಂದು ತೊಡಕು, ಅವರು ಜೀವನವೆಲ್ಲ ಕಲಿಸಿದ್ದು ಗರಡಿ ಕುಸ್ತಿ.

"ಕಬಡ್ಡಿ ಬರ್ತೈತಾ ಉಸ್ತಾದ್?" ಅಂತ ಕೇಳಿದೆ.

"ಅರೆ, ಮನುಷ್ಯನ್ನ ಹಿಡಿಯೋದು ತಾನೇ? ಮನುಷ್ಯ ಎಲ್ಲಾ ಕಡೆ ಒಂದೇ," ಅಂದರು.

ಹುಡುಗರಿಗೆ ಬಸ್ಕಿ, ಸಾಮು, ಬೆಳಗಾಗೆದ್ದು ಬಾದಾಮಿ ಹಾಲು. ಮೈ ಕಲ್ಲಾಯ್ತು. ಹೊಳಲ್ಕೆರೆ ತಾಲೂಕಿನ ಬಿ.ದುರ್ಗದಲ್ಲಿ ಮ್ಯಾಚು. ದಾಳಿಗೆ ಬಂದವನು ಒಣಕಲ ಹುಡುಗ. ನಮ್ಮವರು ಐದು ಜನ ಸೇರಿ ಅವನನ್ನು ಹಿಡಿದ ಹಿಡಿತ ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಅವನು ನಡುಗೆರೆ ಮುಟ್ಟದಂಗೆ ಹಾಗೇ ಅದುಮಿ ಹಿಡಿದಿದ್ದರೆ ಪಾಯಿಂಟು ನಮ್ಮದು.

ಹಿಂದಿನಿಂದ ಉಸ್ತಾದರು ಗುಡುಗಿದರು: "ಚಿತ್ ಮಾಡ್ರೋ, ಚಿತ್ ಮಾಡ್ರೋ."

ಗುರುವಿನ ಮಾತು. ಐದೂ ಜನ ಸೇರಿ ಹುಡುಗನನ್ನು ಎತ್ತಿ, ಗಾಳಿಯಲ್ಲಿ ತಿರುಗಿಸಿ, ಬೆನ್ನು ನೆಲಕ್ಕೆ ತಾಗುವಂಗೆ ಮಲಗಿಸಿದರು. ಮಲಗಿಸಿದ್ದು ಸರಿಯಾಗಿ ನಡುಗೆರೆಯ ಮೇಲೆ. ದಾಳಿ ಮಾಡಿದವನು ಸೇಫು, ಮುಟ್ಟಿದ ಐವರೂ ಔಟು. ಇದನ್ನು ಮ್ಯಾಚಿನಲ್ಲಿ ಮತ್ತೆ ಮತ್ತೆ ಮಾಡಿದರು. ಕೊನೆಕೊನೆಗೆ ಎದುರಾಳಿಗಳು ಬಂದು ತಾವಾಗಿಯೇ ಮೈ ಕೊಡೋಕೆ ಶುರು ಮಾಡಿದರು.

ವಾಪಸ್ ಬರುವಾಗ ಎಲ್ಲರ ಮುಖ ಸಣ್ಣದಾಗಿತ್ತು, ಉಸ್ತಾದರದು ಬಿಟ್ಟು. "ಒಬ್ಬನ್ನೂ ಬಿಡ್ಲಿಲ್ಲ, ಎಲ್ರ ಬೆನ್ನಿಗೂ ಮಣ್ಣು ಹತ್ತಿಸಿದ್ರು ನಮ್ಮ ಹುಡುಗ್ರು. ಪಾಯಿಂಟ್ ಯಾರಿಗೆ ಕೊಟ್ರೆ ಏನು?" ಅಂದರು.

ದೇವರಿಗೆ ಕಳಿಸಿದ ಕಾಯಿ

ಒಂದು ದಿನ ಬೇಸತ್ತು, ಇನ್ನು ಈ ಟೀಮಿನ ಸಹವಾಸ ಬೇಡ ಅಂತ ಆಟೋ ಹತ್ತಿ ಹೊರಟೆ. ಬಾಡಿಗೆ ಹೊರಕೆರೆದೇವಪುರಕ್ಕೆ ಇತ್ತು. ಲೋಡು ಇಳಿಸಿ ದೇವಸ್ಥಾನದೊಳಗೆ ಹೋದೆ. ಟೀಮಿನ ಸಹವಾಸ ಬಿಟ್ಟವನು ದೇವರ ಮುಂದೆ ನಿಂತು ಬಾಯಿಬಿಟ್ಟು ಕೇಳಿಕೊಂಡಿದ್ದು ಹಿರಿಯೂರು ಟೀಮ್ ಗೆಲ್ಲಲಿ ಅಂತಲೇ.

ಅರ್ಚಕರು, "ಹೊಸದುರ್ಗದ ಟೀಮಿನೋರು ಪ್ರತಿ ವರ್ಷ ಬಂದು ಪೂಜೆ ಮಾಡಿಸ್ತಾರಪ್ಪ. ನಿಮ್ಮೋರು ಒಂದು ಕಾಯಿನೂ ಒಡೆಸಿಲ್ಲ," ಅಂದರು.

ಅಲ್ಲಿತ್ತು ನೋಡಿ ಗುಟ್ಟು. ಮರುದಿನವೇ ಮಂಡಿಗೆ ಓಡಿ ಯಜಮಾನ್ರಿಗೆ ಹೇಳಿದೆ. ಬೆಟ್ಟದಂಗೆ ಕಾಯಿ ರಾಶಿ ಹಾಕಿಕೊಂಡು ಕೂತಿದ್ದ ಯಜಮಾನ್ರು ಎದ್ದರು. ರಾಶಿ ಸುತ್ತ ಸುತ್ತಿದರು. ಒಂದನ್ನು ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿ ಇಟ್ಟರು, ಇನ್ನೊಂದನ್ನು ತಟ್ಟಿ ನೋಡಿ ಇಟ್ಟರು. ಬಹಳ ಹೊತ್ತು ಆರಿಸಿ, ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ಒಂದು ಕಾಯಿ ಕೊಟ್ಟರು.

ಮತ್ತೆ ಹೊರಕೆರೆದೇವಪುರಕ್ಕೆ ಹೋದೆ. ಅರ್ಚಕರು ಟೀಮಿನ ಹೆಸರಲ್ಲಿ ಸಂಕಲ್ಪ ಮಾಡಿ ಕಾಯಿ ಒಡೆದರು. ಒಡೆದವರು ಅಷ್ಟು ದೂರ ಹಿಂದಕ್ಕೆ ಸರಿದರು. ಒಳಗೆ ಪೂರಾ ಕೊಳೆತಿತ್ತು.

ಬಂದು ಯಜಮಾನ್ರಿಗೆ ಹೇಳಿದರೆ ಅವರಿಗೇನೂ ಅನ್ನಿಸಲಿಲ್ಲ. "ಸಾವಿರ ಕಾಯಾಗೆ ಒಂದು ಹಂಗೆ ಇರ್ತೈತಪ್ಪ."

"ಇರ್ತೈತೆ ಯಜಮಾನ್ರೆ. ಆದ್ರೆ ಆ ಒಂದನ್ನ ಹುಡುಕಾಕೆ ನೀವು ಎಷ್ಟು ಕಷ್ಟಪಟ್ರಿ," ಅಂದೆ.

ಮಂಡಿ ಕಾಟಾ

ಇನ್ನು ಹೋದ ಹಬ್ಬದ ಹಿಂದಿನ ಕಥೆ.

ಹೊಳಲ್ಕೆರೆಯಲ್ಲಿ ಅರವತ್ತು ಕೇಜಿ ಒಳಗಿನವರ ಕಬಡ್ಡಿ ಇಟ್ಟಿದ್ದರು. ಆಡುವವನು ಅರವತ್ತು ಕೇಜಿ ಮೀರಂಗಿಲ್ಲ, ಮೀರಿದರೆ ಅಂಗಳಕ್ಕೆ ಬಿಡಲ್ಲ. ನಮಗೆ ಮೊದಲ ಮ್ಯಾಚೇ ಹೊಸದುರ್ಗದ ಮೇಲೆ. ಕ್ಯಾಪ್ಟನ್ ಬದಲಾಗಿದ್ದ, ಉಸ್ತಾದರು ಚಿತ್ರದುರ್ಗಕ್ಕೆ ವಾಪಸ್ ಹೋಗಿದ್ದರು, ಹುಡುಗರು ನಿಜವಾಗಲೂ ಚೆನ್ನಾಗಿ ಆಡ್ತಿದ್ದರು. ವಾರದಲ್ಲಿ ಹಬ್ಬ. ಈ ಸಲ ಮೊದಲ ಎಲೆ ನನ್ನದೇ ಅಂತ ಹೆಂಡತಿಗೂ ಹೇಳಿಬಿಟ್ಟಿದ್ದೆ.

"ಹುಡುಗ್ರ ತೂಕ ಒಂದ್ಸಲ ಆಸ್ಪತ್ರ್ಯಾಗೆ ನೋಡಿಸ್ರಿ," ಅಂದೆ ಯಜಮಾನ್ರಿಗೆ.

"ಮಂಡಿಯಾಗೆ ಇಷ್ಟು ದೊಡ್ಡ ಕಾಟಾ ಇಟ್ಕಂಡು ಆಸ್ಪತ್ರೆಗೆ ಯಾಕೆ ಹೋಗಾಣ?"

ಕಾಯಿ ಚೀಲ ತೂಗುವ ಕಾಟಾದ ಮೇಲೆ ಹುಡುಗರು ಒಬ್ಬೊಬ್ಬರಾಗಿ ನಿಂತರು. ಇಬ್ಬರು ಐವತ್ತೈದು, ಉಳಿದವರೆಲ್ಲ ಐವತ್ತೆಂಟು, ಐವತ್ತೊಂಬತ್ತು. ಯಜಮಾನ್ರಿಗೆ ಎಷ್ಟು ಖುಷಿ ಆಯ್ತಂದರೆ, "ಇನ್ನೂ ಜಾಗ ಐತೆ, ತಿನ್ರೋ," ಅಂತ ಜೀವಮಾನದಲ್ಲಿ ಮೊದಲ ಸಲ ಎಲ್ಲರಿಗೂ ಮಂಡಕ್ಕಿ ಕೊಡಿಸಿದರು.

ಹೊಳಲ್ಕೆರೆಯಲ್ಲಿ ಮೈದಾನದ ಬಾಗಿಲಲ್ಲೇ ತೂಕದ ಯಂತ್ರ ಇಟ್ಟಿದ್ದರು. ಸುತ್ತ ಜನ. ನನ್ನ ಭಾವನೂ ಬಂದಿದ್ದರು, ನಗುನಗ್ತಾ ಯಂತ್ರದ ಪಕ್ಕದಲ್ಲೇ ನಿಂತಿದ್ದರು. ಇಲ್ಲಿ ಒಂದು ಮಾತು ಹೇಳಬೇಕು. ಭಾವನದು ತೆಂಗಿನ ತೋಟ, ಮತ್ತು ನೆಂಟಸ್ತಿಕೆ ಆದಾಗಿನಿಂದ ಅವರು ಕಾಯಿ ಹಾಕೋದು ನಮ್ಮ ಯಜಮಾನ್ರ ಮಂಡಿಗೇ.

ಮೊದಲ ಹುಡುಗ ಹತ್ತಿದ. ಅರವತ್ತೆರಡು. ಎರಡನೆಯವನು ಅರವತ್ತಮೂರು. ಮೂರನೆಯವನು ಬನಿಯನ್ ಬಿಚ್ಚಿ ಹತ್ತಿದ, ಉಸಿರು ಹಿಡಿದ, ಆದರೂ ಅರವತ್ತೆರಡು. ಅರವತ್ತರ ಒಳಗೆ ಇದ್ದವರು ಇಬ್ಬರೇ.

ಯಜಮಾನ್ರ ಮುಖ ಕೆಂಪಾಯ್ತು. "ನಿಮ್ಮ ಯಂತ್ರ ಸರಿ ಇಲ್ಲ. ನೆನ್ನೆ ನನ್ನ ಮಂಡಿ ಕಾಟಾದಾಗೆ ಇವ್ರೆಲ್ಲ ಐವತ್ತೆಂಟು, ಐವತ್ತೊಂಬತ್ತು ಇದ್ರು. ನಾನೇ ನಿಂತು ನೋಡೀನಿ."

ತೂಕ ನೋಡ್ತಿದ್ದವರು ಹೊಸದುರ್ಗದ ಹುಡುಗರನ್ನೂ ಹತ್ತಿಸಿದರು. ಅವರು ತಮ್ಮೂರಿನ ಆಸ್ಪತ್ರೆಯಲ್ಲಿ ತೂಗಿಸಿಕೊಂಡು ಬಂದಿದ್ದರು. ಅಲ್ಲಿ ಎಷ್ಟಿತ್ತೋ ಇಲ್ಲೂ ಅಷ್ಟೇ.

ಭಾವನ ನಗು ನಿಂತುಹೋಯ್ತು. ಅವರು ಯಂತ್ರ ನೋಡಿದರು, ನಮ್ಮ ಹುಡುಗರನ್ನು ನೋಡಿದರು, ಆಮೇಲೆ ಯಜಮಾನ್ರನ್ನು ನೋಡಿದರು.

"ಯಜಮಾನ್ರೆ, ಒಂದು ಮಾತು. ನಿಮ್ಮ ಕಾಟಾದಾಗೆ ಒಬ್ಬೊಬ್ಬ ಹುಡುಗ ನಾಕು ಕೇಜಿ ಕಮ್ಮಿ ಬರ್ತಾನೆ ಅಂದ್ರೆ, ನನ್ನ ಕಾಯಿ ಚೀಲ ಎಷ್ಟು ಕಮ್ಮಿ ಬರ್ತೈತೆ?"

ಸುತ್ತ ನಿಂತಿದ್ದವರಲ್ಲಿ ಅರ್ಧ ಜನ ತೆಂಗು ಬೆಳೆದವರೇ. ಹೊಳಲ್ಕೆರೆ ಯಂತ್ರ ಸರಿ ಅಂದರೆ ಮಂಡಿ ಹೋಯ್ತು. ಮಂಡಿ ಕಾಟಾನೇ ಸರಿ ಅಂತ ಹಟ ಹಿಡಿದರೆ, "ತರಿಸ್ರಿ, ಇಲ್ಲೇ ಪಕ್ಕದಾಗೆ ಇಟ್ಟು ನೋಡಾಣ," ಅಂತ ಆಗಲೇ ಹಿಂದಿನಿಂದ ಒಬ್ಬ ಕೂಗಿದ್ದ. ಯಜಮಾನ್ರು ಕರ್ಚೀಫಿನಿಂದ ಕತ್ತು ಒರೆಸಿಕೊಂಡರು.

"ಎರಡೂ ಸರಿ ಅವೆ," ಅಂದರು. "ಹುಡುಗ್ರು ದಾರ್ಯಾಗೆ ತಿಂದ್ರು."

"ಏನು ತಿಂದ್ರು?"

"ಮಂಡಕ್ಕಿ."

"ಮಂಡಕ್ಕಿ ತಿಂದು ತಲೆಗೆ ನಾಕು ಕೇಜಿ ಏರಿದ್ರಾ?" ಅಂದರು ಭಾವ. "ಅದನ್ನೂ ನಿಮ್ಮ ಕಾಟಾದಾಗೇ ತೂಗಿ ಕೊಟ್ಟಿದ್ರಾ ಹೆಂಗೆ?"

ಹಿರಿಯೂರು ಹುಡುಗರೇ ಮೊದಲು ನಕ್ಕರು. ಮ್ಯಾಚು ನಡೆಯಲಿಲ್ಲ. ಹೊಸದುರ್ಗದವರು ಬೆವರದೆ ಗೆದ್ದರು. ನಾನೊಬ್ಬನೇ ನಗದೆ ಮೈದಾನದ ಸುತ್ತ ತಿರುಗಿದೆ, ಕಣ್ಣ ಮುಂದೆ ನಲ್ಲಿ.

ಎರಡು ದಿನಕ್ಕೆ ಬೆಳೆಗಾರರು ಬೇರೆ ಕಾಟಾ ಹೊತ್ತುಕೊಂಡು ಮಂಡಿಗೆ ಬಂದರಂತೆ, ಮುಂದೆ ನಮ್ಮ ಭಾವ. ಸಂಜೆಯೊಳಗೆ ಯಜಮಾನ್ರು ಹೊಸ ಕಾಟಾ ತರಿಸಿದರು. ಹಳೆಯದು ಇದ್ದಕ್ಕಿದ್ದಂತೆ ಕೆಟ್ಟಿದೆ ಅಂದರಂತೆ. ಇದನ್ನೆಲ್ಲ ಕೇಳಿ ನನಗೆ ಹಬ್ಬಕ್ಕೆ ಹೊಸದುರ್ಗಕ್ಕೆ ಹೋಗೋಕೇ ಮನಸ್ಸಿರಲಿಲ್ಲ. ಅವರು ಮೋಸಹೋದ ಮಂಡಿ ನಮ್ಮೂರಿಂದು, ಸೋತ ಟೀಮೂ ನಮ್ಮೂರಿಂದು. ಹೆಂಡತಿ ಬಿಡಲಿಲ್ಲ.

ಹಬ್ಬದ ದಿನ ಎಲೆ ಹಾಕಿದ ಕೂಡಲೇ ಯಾರೂ ಹೇಳುವ ಮೊದಲೇ ಹೋಗಿ ನಲ್ಲಿ ಪಕ್ಕ ಕೂತೆ.

"ಅಲ್ಲಿ ಯಾಕೆ ಕುಂತ್ರಿ?" ಭಾವ ಮೊದಲ ಎಲೆಯಿಂದ ಎದ್ದು ನಿಂತಿದ್ದರು. "ಬರ್ರಿ ಇಲ್ಲಿ."

"ಸೋತ್ವಲ್ಲ ಭಾವ."

"ಸೋತಿದ್ದಕ್ಕೇ ಕರೀತಿರೋದು. ನೀವೇನಾರ ಗೆದ್ದಿದ್ರೆ ನಾನು ಸಾಯೋ ತನಕ ಅದೇ ಕಾಟಾದಾಗೆ ಕಾಯಿ ತೂಗಿಸ್ತಿದ್ದೆ. ಕುಂತ್ಕಳ್ರಿ."

ವರ್ಷಗಳ ಮೇಲೆ ಮೊದಲ ಎಲೆ. ಪಾಯಸದಲ್ಲಿ ಗೋಡಂಬಿ ತೇಲ್ತಿತ್ತು. ಎರಡು ಹೋಳಿಗೆ ಮುಗಿಸಿ ಅತ್ತೆಗೆ ಸಾಕು ಅಂತ ಕೈ ಅಡ್ಡ ಹಿಡಿದೆ. ಭಾವ ನಲ್ಲಿ ಪಕ್ಕದಿಂದ ಕೂಗಿದರು:

"ಹಾಕಮ್ಮ, ಸಂಕೋಚ ಬೇಡ. ಎಷ್ಟು ತಿಂದ್ರೂ ತೂಕ ಏರಲ್ಲ, ಆ ಹಳೇ ಕಾಟಾ ಇನ್ನೂ ಅವರೂರಾಗೇ ಐತೆ."